ಚಂದ್ರಾಮನ ಕೈ, ಡಾಕ್ಟರರ ಚಾವಿ

ಪ್ರಮಿತಾ ಚಂದ್ರಾಮನನ್ನು ಮೊದಲ ಸಲ ನೋಡಿದಾಗ ಅವನು ಅವಳ ಮನೆಯ ಗೇಟಿನ ಒಳಗೆ, ಕಾರಿನ ಹಿಂದಿನ ಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಎರಡು ಸಾವಿರದ ಐದನೆಯ ಇಸವಿ, ಜೂನ್ ತಿಂಗಳು, ಶಾಲೆ ಶುರುವಾದ ವಾರ. ಅವಳು ಸೇಡಂನ ಹೈಸ್ಕೂಲಿನಲ್ಲಿ ಪಾಠ ಮುಗಿಸಿ ನಡೆದು ಬಂದಿದ್ದಳು. ಬೆರಳ ಸಂದಿಯಲ್ಲಿ ಇನ್ನೂ ಸುಣ್ಣದಕಡ್ಡಿಯ ಪುಡಿ ಇತ್ತು. ಗೇಟು ತೆಗೆದ ಸದ್ದಿಗೆ ಅವನು ಎದ್ದು ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಮೂವತ್ತರ ಆಸುಪಾಸಿನ, ತೆಳ್ಳಗಿನ, ಎತ್ತರದ ಆಳು. ಬಿಳಿ ಅಂಗಿಯ ತೋಳಿನ ಮೇಲೆ ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಗೆರೆ ಹಾಗೇ ಇತ್ತು. ಕಿಸೆಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಲೈಸೆನ್ಸು. ಚಪ್ಪಲಿಗಳನ್ನು ಗೇಟಿನ ಹೊರಗೇ ಜೋಡಿಸಿ ಬಿಟ್ಟುಬಂದಿದ್ದ. ಬಲಗೈಯಲ್ಲಿ ಒಂದು ಉದ್ದನೆಯ ಜಾಲಿಮುಳ್ಳು ಹಿಡಿದಿದ್ದ.

"ಗಾಲ್ಯಾಗ ಇತ್ರಿ ಬಾಯೇರ," ಅಂದ. "ಸಾಹೇಬ್ರು ಕೆಲಸಕ್ಕ ಇಟಗೊಂತಾರೋ ಇಲ್ಲೋ ಗೊತ್ತಿಲ್ಲ. ಮುಳ್ಳಂತೂ ಇರಬಾರದಲ್ರಿ."

ಅವನು ಡ್ರೈವರ್ ಕೆಲಸ ಕೇಳಲು ಬಂದಿದ್ದ. ಪ್ರಮಿತಾಳ ಗಂಡ ರಘೂತ್ತಮ ಮಕ್ಕಳ ಡಾಕ್ಟರು. ಸೇಡಂನಲ್ಲಿ ದವಾಖಾನೆ ಇತ್ತು. ಅದಲ್ಲದೆ ಸೋಮವಾರ ಚಿತ್ತಾಪುರ, ಬುಧವಾರ ಶಹಾಬಾದ, ಶುಕ್ರವಾರ ಚಿಂಚೋಳಿ ಎಂದು ಊರೂರು ತಿರುಗಿ ಪೇಷಂಟುಗಳನ್ನು ನೋಡುತ್ತಿದ್ದರು. ಹಿಂದಿನ ತಿಂಗಳು ಹೈದರಾಬಾದಿನಿಂದ ಒಂದು ಹಳೆಯ ಬಿಳಿ ಕಾರು ತಂದಿದ್ದರು. ತಾವೇ ಓಡಿಸಿಕೊಂಡು ಹೋಗಿ, ದಿನವಿಡೀ ಅಳುವ ಮಕ್ಕಳನ್ನು ನೋಡಿ, ಮತ್ತೆ ತಾವೇ ಓಡಿಸಿಕೊಂಡು ಬರುವುದು ಮೈಗೆ ಒಗ್ಗಲಿಲ್ಲ.

ಪಡಸಾಲೆಯಲ್ಲಿ ಮಾತಾಯಿತು. ಚಂದ್ರಾಮ ಮೊದಲು ಊರಿನಲ್ಲಿ ಟ್ರ್ಯಾಕ್ಟರ್ ಹೊಡೆದಿದ್ದ, ಆಮೇಲೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲಿನ ಲಾರಿ. ಕಲ್ಲು ಒಡೆಯದಂತೆ ಲಾರಿ ಹೊಡೆದವನು ಮಕ್ಕಳ ಡಾಕ್ಟರರನ್ನು ಅಲುಗಿಸದೆ ಕರೆದೊಯ್ಯಬಲ್ಲೆ ಎಂದು ಅವನೇ ಹೇಳಿದ. ರಘೂತ್ತಮ ನಕ್ಕರು. ಆಗ ಒಳಬಾಗಿಲ ಹತ್ತಿರ ನಿಂತಿದ್ದ ಅತ್ತೆ ಅನಸೂಯಾಬಾಯಿ, ಯಾರ ಪೈಕಿ ತಮ್ಮಾ ನೀನು, ಎಂದು ಮೆಲ್ಲಗೆ ಕೇಳಿದರು. ಕೋಡ್ಲಾದವರು, ಬೌದ್ಧರು ಎಂದು ಅವನು ಅಷ್ಟೇ ಮೆಲ್ಲಗೆ ಹೇಳಿದ. ದನಿಯಲ್ಲಿ ಅಂಜಿಕೆ ಇರಲಿಲ್ಲ, ಸೆಡವೂ ಇರಲಿಲ್ಲ.

"ಅದೆಲ್ಲಾ ಈಗ ಯಾರು ಕೇಳ್ತಾರ ಅಮ್ಮಾ," ಎಂದು ರಘೂತ್ತಮ ತಟ್ಟನೆ ಅಂದರು. "ಗಾಡಿ ಹೊಡೀಲಿಕ್ಕ ಬಂದ್ರ ಸಾಕು."

ಅಂದು ಪ್ರಮಿತಾ ಗಂಡನ ಬಗ್ಗೆ ಹೆಮ್ಮೆಪಟ್ಟಳು. ಮನೆಯವರು ಕುಡಿಯುವ ಕಪ್ಪಿನಲ್ಲೇ ಚಂದ್ರಾಮನಿಗೆ ಚಹಾ ತಂದುಕೊಟ್ಟು, ತನ್ನ ಬಗ್ಗೆಯೂ ಸ್ವಲ್ಪ ಹೆಮ್ಮೆಪಟ್ಟಳು.

ಚಹಾ ಆದ ಮೇಲೆ ರಘೂತ್ತಮ ಅವನಿಗೆ ಕಾರಿನ ಚಾವಿ ತೋರಿಸಿದರು. ಸೇಡಂನಲ್ಲಿ ಅಂಥ ಚಾವಿ ಆಗ ಹೊಸದು. ಕಬ್ಬಿಣದ ಚಾವಿಯ ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಪ್ಪು ರಿಮೋಟು, ಅದಕ್ಕೆ ಎರಡು ಗುಂಡಿ. ಹೈದರಾಬಾದಿನ ಅಂಗಡಿಯಲ್ಲಿ ಬೇರೆಯಾಗಿ ಹಾಕಿಸಿದ್ದು. ಒಂದು ಗುಂಡಿ ಒತ್ತಿದರೆ ಕಾರು ಚುಂಯ್ ಎಂದು ನಾಲ್ಕೂ ಬಾಗಿಲಿನ ಲಾಕ್ ಹಾಕಿಕೊಳ್ಳುತ್ತಿತ್ತು, ಇನ್ನೊಂದು ಒತ್ತಿದರೆ ಲಾಕ್ ತೆಗೆದುಕೊಳ್ಳುತ್ತಿತ್ತು. ರಿಮೋಟಿನಿಂದ ಮುಚ್ಚಿದ ಕಾರನ್ನು ಬರೀ ಕಬ್ಬಿಣದ ಚಾವಿಯಿಂದ ತೆಗೆದರೆ ಕಾರಿಗೆ ಅದು ಕಳ್ಳನ ಕೈ ಅನ್ನಿಸಿ ಸೈರನ್ ಕೂಗುತ್ತದೆ, ಎಂಜಿನ್ನೂ ಚಾಲೂ ಆಗುವುದಿಲ್ಲ ಎಂದು ರಘೂತ್ತಮ ವಿವರಿಸಿದರು. ಚಂದ್ರಾಮ ಗುಂಡಿ ಒತ್ತಿದ. ಕಾರು ಚುಂಯ್ ಅಂದಿತು. ಕರೆದರೆ ಓಗೊಡುತ್ತದಲ್ರಿ ಎಂದು ಅವನು ಮಗುವಿನ ಹಾಗೆ ನಕ್ಕ.

ಅವನ ಕೈ ಒಳ್ಳೆಯದಿತ್ತು. ಡ್ರೈವರುಗಳ ನಡುವೆ ಇದು ದೊಡ್ಡ ಮಾತು. ಚಿಂಚೋಳಿಯ ಕಡೆಯ ಹದಗೆಟ್ಟ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಮಲಗಿದ ಕೂಸು ಎಚ್ಚರಾಗದಂತೆ ತರುತ್ತಿದ್ದ. ದಾರಿಯಲ್ಲಿ ಯಾರಾದರೂ ತಾಯಿ ಜ್ವರದ ಮಗುವನ್ನು ಹೊತ್ತು ಬಸ್ಸಿಗೆ ಕಾದಿದ್ದರೆ ತಾನೇ ವೇಗ ತಗ್ಗಿಸಿ ಡಾಕ್ಟರರ ಮುಖ ನೋಡುತ್ತಿದ್ದ. ಗಡಿ ಕಡೆಯ ಹಳ್ಳಿಗಳ ಮುದುಕಿಯರ ಜೊತೆ ತೆಲುಗಿನಲ್ಲಿ ಚೇಷ್ಟೆ ಮಾಡಿ ಮಕ್ಕಳ ಅಳು ನಿಲ್ಲಿಸುತ್ತಿದ್ದ. ಒಂದು ರವಿವಾರ ಎಲ್ಲರೂ ಚಂದ್ರಂಪಳ್ಳಿ ಡ್ಯಾಮಿಗೆ ಬುತ್ತಿ ಕಟ್ಟಿಕೊಂಡು ಹೋದಾಗ ಅನಸೂಯಾಬಾಯಿ ಅವನಿಗೆ ಎರಡು ಹೋಳಿಗೆ ಹೆಚ್ಚೇ ಬಡಿಸಿಕೊಟ್ಟರು. ತಮ್ಮಾ, ನಾಚಿಕೋಬ್ಯಾಡ, ಹೊಟ್ಟಿ ತುಂಬ ಉಣ್ಣು ಎಂದರು. ಅವರು ಕೆಟ್ಟವರಲ್ಲ ಎಂದು ಪ್ರಮಿತಾ ಮುಂದೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಬೇಕಾಯಿತು. ಆಗೆಲ್ಲ ಅವಳಿಗೆ ನೆನಪಾಗುತ್ತಿದ್ದುದು ಈ ಹೋಳಿಗೆಗಳೇ.

ದಿನಾ ಸಂಜೆ ಚಂದ್ರಾಮ ಕಾರು ತೊಳೆದು ನಿಲ್ಲಿಸಿ, ಗುಂಡಿ ಒತ್ತಿ ಮುಚ್ಚಿ, ಚಾವಿಯನ್ನು ಮುಂಬಾಗಿಲ ಪಕ್ಕದ ಕಟ್ಟೆಯ ಮೇಲೆ ಇಟ್ಟು, ಚಾವಿ ಇಟ್ಟೀನ್ರಿ ಎಂದು ಕೂಗಿ ಸೈಕಲ್ ಹತ್ತುತ್ತಿದ್ದ. ಮೊದಲ ದಿನ ಅವನು ಅದನ್ನು ಅನಸೂಯಾಬಾಯಿಯವರ ಕೈಗೇ ಕೊಡಲು ಹೋಗಿದ್ದ. ತಾನು ಮಡಿಯಲ್ಲಿದ್ದೇನೆ, ಅಲ್ಲೇ ಕಟ್ಟೆಯ ಮೇಲಿಡು ತಮ್ಮಾ ಎಂದು ಅವರು ಅಂದಿದ್ದರು. ಅದೇ ರೂಢಿಯಾಯಿತು. ಚಾವಿ ಅಲ್ಲಿಂದ ಒಳಗೆ ಬಂದು, ದೇವರಮನೆಯ ಬಾಗಿಲ ಪಕ್ಕದ ಮೊಳೆಗೆ ಸೇರುತ್ತಿತ್ತು. ಮಾವನವರು ಇದ್ದ ಕಾಲದಿಂದ ಆ ಮನೆಯ ಎಲ್ಲ ಚಾವಿಗಳೂ ಇರುತ್ತಿದ್ದ ಜಾಗ ಅದು.

ಶ್ರಾವಣದ ಹೊತ್ತಿಗೆ ರಿಮೋಟು ಸತ್ತಿತು. ಗುಂಡಿ ಒತ್ತಿದರೆ ಕಾರು ಸುಮ್ಮನಿತ್ತು. ರಘೂತ್ತಮ ಅದನ್ನು ಬಜಾರಿನ ಜಗದೇವಪ್ಪನ ಗಡಿಯಾರದ ಅಂಗಡಿಗೆ ಒಯ್ದು ಹೊಸ ಸೆಲ್ಲು ಹಾಕಿಸಿದರು. ಕೆಲವೇ ದಿನ ನಡೆದು ಮತ್ತೆ ಸತ್ತಿತು. ಈ ಸಲ ಜಗದೇವಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ನೋಡಿ, ಇದು ನೀರು ಕುಡಿದಿದೆ, ತಗಡಿಗೆ ಹಸಿರು ಹಿಡಿದಿದೆ ಎಂದ.

ನೀರು ಎಲ್ಲಿಂದ ಬರಬೇಕು? ರಘೂತ್ತಮ ಯೋಚಿಸಿದರು. ಕಾರು ತೊಳೆಯುವವನು ಚಂದ್ರಾಮ, ಚಾವಿ ಹಿಡಿಯುವವನೂ ಚಂದ್ರಾಮ. ಅವನನ್ನು ಕರೆದು ಕೇಳಿದರು. ಕಾರು ತೊಳೆಯುವಾಗ ಚಾವಿಯನ್ನು ಒಣ ಜಾಗದಲ್ಲೇ ಇಡುತ್ತೇನೆ ಎಂದು ಅವನು ಆಣೆ ಮಾಡಿದ. ಹಾಗಾದರೆ ಕೈ ತೋರಿಸು ಎಂದರು. ಅಂಜಿಕೆಗೋ ಸೆಕೆಗೋ ಅವನ ಅಂಗೈ ಬೆವತಿತ್ತು. ಡಾಕ್ಟರರಿಗೆ ಕಾರಣ ಸಿಕ್ಕಂತಾಯಿತು. ಕೆಲವರಿಗೆ ಅಂಗೈ ಬೆವರುವ ತ್ರಾಸು ಇರುತ್ತದೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಸಮಾಧಾನ ಹೇಳಿ, ಪಟಿಕ ಕರಗಿಸಿದ ನೀರಿನಲ್ಲಿ ಕೈ ಅದ್ದಬೇಕು, ಚಾವಿ ಮುಟ್ಟುವ ಮೊದಲು ಪೌಡರು ಹಚ್ಚಿಕೊಳ್ಳಬೇಕು ಎಂದು ಔಷಧ ಹೇಳಿದರು. ಪೌಡರಿನ ಡಬ್ಬಿಯನ್ನು ತಾವೇ ಕೊಟ್ಟರು. ಹೊಟ್ಟೆನೋವೆಂದು ಬಂದ ಮಗುವಿಗೆ ಹೇಳುವಷ್ಟೇ ಪ್ರೀತಿಯಿಂದ ಹೇಳಿದರು.

ಚಂದ್ರಾಮ ಆ ಡಬ್ಬಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡ. ಹೇಳಿದಂತೆಯೇ ಮಾಡಿದ. ಚಿತ್ತಾಪುರದಲ್ಲಿ ದವಾಖಾನೆಯ ಎದುರಿಗೆ ಚಹಾ ಮಾರುವ ಅಂಬರಾಯ ಅವನ ಕೈ ನೋಡಿ ಎಲ್ಲರಿಗೂ ಕೇಳುವಂತೆ ಕೇಳಿದ: "ಏನಪಾ ಚಂದ್ರಾಮ, ನಿಮ್ಮ ಸೇಡಂ ಫ್ಯಾಕ್ಟರಿ ಸಿಮೆಂಟೆಲ್ಲಾ ನಿನ್ನ ಕೈಗೇ ಹತ್ತ್ಯದಲಾ?"

"ಎರಡನೇ ಮದಿವಿಗಿ ಹುಡುಗಿ ನೋಡ್ಲಿಕ್ಕ ಹೊಂಟೀನಿ," ಎಂದ ಚಂದ್ರಾಮ. "ಮಾರಿಗಿ ಹಚ್ಚೋದು ಮರತು ಕೈಗಿ ಹಚ್ಚೀನಿ."

ಕುಳಿತವರು ನಕ್ಕರು. ಅವನೂ ನಕ್ಕ. ಆದರೆ ಅಂದಿನಿಂದ ಚಹಾದ ಲೋಟವನ್ನು ಬೆರಳ ತುದಿಯಿಂದ ಹಿಡಿಯುತ್ತಿದ್ದ.

ಪೌಡರು ಹಚ್ಚಿದರೂ ರಿಮೋಟು ಮತ್ತೆ ಸತ್ತಿತು. ಈಗ ರಘೂತ್ತಮರಿಗೆ ಬೇಸರವಾಯಿತು. ಚಿಂಚೋಳಿಯಲ್ಲಿ ಒಮ್ಮೆ ರಿಮೋಟು ಕೇಳದೆ, ಕಾರು ಚಾಲೂ ಆಗದೆ ಬಸ್ಸಿನಲ್ಲಿ ನಿಂತು ಬಂದಿದ್ದರು. ಚಂದ್ರಾಮನಿಗೆ ಅವರು ಕೂಗಾಡಲಿಲ್ಲ. ಇನ್ನೊಮ್ಮೆ ಹೀಗಾದರೆ ಬೇರೆ ಡ್ರೈವರನನ್ನು ನೋಡಬೇಕಾಗುತ್ತದೆ ಎಂದಷ್ಟೇ ಹೇಳಿದರು. ಅವನು ತಲೆತಗ್ಗಿಸಿ ಹೂಂ ಅಂದ. ಮರುದಿನದಿಂದ ಚಾವಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯತೊಡಗಿದ.

ಪ್ರಮಿತಾ ಕಾರಣ ಕಂಡಿದ್ದು ಅದೇ ವಾರ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದಳು. ಹೊರಗೆ ಚಂದ್ರಾಮ, ಚಾವಿ ಇಟ್ಟೀನ್ರಿ ಎಂದು ಕೂಗಿ ಹೋದ. ಅನಸೂಯಾಬಾಯಿ ತಾಮ್ರದ ತಂಬಿಗೆ ಹಿಡಿದು ಬಾಗಿಲಿಗೆ ಹೋದರು. ಕವರು ಬಿಚ್ಚಿ ಆಚೆ ಇಟ್ಟರು. ಚಾವಿಯ ಬಳೆಯನ್ನು ಉಗುರ ತುದಿಯಿಂದ ಎತ್ತಿ, ತಂಬಿಗೆಯ ನೀರಿನಲ್ಲಿ ಪೂರ್ತಿ ಮುಳುಗಿಸಿದರು. ತುಟಿಯಲ್ಲೇ ಏನೋ ಅನ್ನುತ್ತ ಒಂದು ಗಳಿಗೆ ಹಾಗೇ ಹಿಡಿದರು. ಆಮೇಲೆ ನೀರನ್ನು ಮೋರಿಗೆ ಚೆಲ್ಲಿ, ತೊಟ್ಟಿಕ್ಕುವ ಚಾವಿಯನ್ನು ತಂದು ಮೊಳೆಗೆ ತೂಗಿದರು. ಅವರ ಕೈಯಲ್ಲಿ ಅವಸರವಿರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ. ಹೊಲದ ಆಳುಗಳು ತಂದಿಡುತ್ತಿದ್ದ ದನದಕೊಟ್ಟಿಗೆಯ ಚಾವಿ, ಕಣಜದ ಚಾವಿಗಳನ್ನು ಅವರು ವರ್ಷಾನುಗಟ್ಟಲೆ ಹಾಗೇ ಅದ್ದಿ ತೂಗಿದವರು. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ.

ನೀರು ಬಿದ್ದರೆ ಈ ಚಾವಿ ಕೆಡುತ್ತದೆ ಎಂದು ಪ್ರಮಿತಾ ಅತ್ತೆಗೆ ಹೇಳಿದಳು. ಇಷ್ಟು ನೀರಿಗೆ ಏನಾಗುತ್ತದೆ, ಹೊರಗಿನದು ಹಾಗೇ ದೇವರಮನೆಯ ಪಕ್ಕ ತೂಗಲಾದೀತೇ ಎಂದು ಅವರು ಸರಳವಾಗಿ ಅಂದರು. ಹೊರಗಿನಿಂದ ಬಂದದ್ದಕ್ಕೆಲ್ಲ ಅದೇ ನಿಯಮ ಇರಬೇಕು ಎಂದು ಪ್ರಮಿತಾ ಆ ರಾತ್ರಿಯ ಮಟ್ಟಿಗೆ ಸಮಾಧಾನ ಮಾಡಿಕೊಂಡಳು. ಆದರೆ ರವಿವಾರ ಚಂದ್ರಾಮನಿಗೆ ರಜೆ. ರಘೂತ್ತಮ ತಾವೇ ಕಾರು ತೆಗೆದುಕೊಂಡು ಹೋಗಿ ಬಂದು, ಚಾವಿಯನ್ನು ತಾಯಿಯ ಕೈಗೆ ಕೊಟ್ಟರು. ಅನಸೂಯಾಬಾಯಿ ಅದನ್ನು ಸೀದಾ ಮೊಳೆಗೆ ತೂಗಿ ಒಲೆಯ ಮುಂದೆ ಹೋಗಿ ಕುಳಿತರು. ಪ್ರಮಿತಾ ಆ ಒಣ ಚಾವಿಯನ್ನು ನೋಡುತ್ತ ನಿಂತಳು. ಯಾರೋ ಅವಳ ಕಪಾಳಕ್ಕೆ ಹೊಡೆದಂತೆ ಕಿವಿ ಬಿಸಿಯಾಯಿತು.

ಗಂಡನಿಗೆ ಹೇಳಬೇಕಿತ್ತು. ಹೇಳಿದರೆ ಚಾವಿ ಅದ್ದುತ್ತಾರೆ ಎಂದಷ್ಟೇ ಹೇಳಿ ಮುಗಿಯುತ್ತಿರಲಿಲ್ಲ. ಯಾಕೆ ಅದ್ದುತ್ತಾರೆ, ಯಾರದ್ದನ್ನು ಅದ್ದುತ್ತಾರೆ ಎಂಬುದೂ ಬಾಯಿಗೆ ಬರಬೇಕಿತ್ತು. ಅದನ್ನೆಲ್ಲ ಈಗ ಯಾರು ಕೇಳ್ತಾರ ಎಂದ ಗಂಡನ ಮುಖ ಹೇಗಾದೀತು, ಅತ್ತೆಯ ಮುಖ ಹೇಗಾದೀತು ಎಂದು ಯೋಚಿಸಿದಳು. ಮದುವೆಯಾಗಿ ಬಂದು ಇನ್ನೂ ಬಹಳ ಕಾಲವಾಗಿರಲಿಲ್ಲ. ಚಂದ್ರಾಮನ ಮುಖದ ಬಗ್ಗೆ ಯೋಚನೆ ಬಂದದ್ದು ಕೊನೆಗೆ. ಆಗ ಅವಳು ಯಾರಿಗೂ ನೋವಾಗದ ದಾರಿಯೊಂದನ್ನು ಹುಡುಕಿದಳು. ಅತ್ತೆ ಚಾವಿ ತೂಗಿ ಆಚೆ ಹೋದ ಮೇಲೆ ಅದನ್ನು ತೆಗೆದು, ಹಳೆಯ ಸೀರೆಯ ತುಂಡಿನಿಂದ ಒರೆಸಿ, ರಿಮೋಟಿನ ಡಬ್ಬಿ ಬಿಚ್ಚಿ, ಒಲೆಯ ಬೆಚ್ಚನೆಯ ಕಟ್ಟೆಯ ಮೇಲೆ ಆರಿಸಿ, ಮತ್ತೆ ಕೂಡಿಸಿ ಮೊಳೆಗೆ ತೂಗತೊಡಗಿದಳು.

ರಿಮೋಟು ಕೆಲಸ ಮಾಡಿತು. ಒಂದು ಸಂಜೆ ರಘೂತ್ತಮ ಊಟಕ್ಕೆ ಕುಳಿತು ಸಂತೋಷದಿಂದ ಹೇಳಿದರು: "ನೋಡಿದ್ಯಾ, ಪೌಡರಿನ ಗುಣ. ಅವನ ಕೈ ಸುಧಾರಿಸ್ತು."

ಪ್ರಮಿತಾ ಸಾರು ಬಡಿಸಿದಳು.

ದೀಪಾವಳಿಗೆ ಅವಳು ಶಹಾಬಾದಿನ ತವರಿಗೆ ಹೋದಳು. ಆ ದಿನಗಳಲ್ಲಿ ಚಾವಿ ಒರೆಸುವವರು ಇರಲಿಲ್ಲ. ಅವಳು ತಿರುಗಿ ಬರುವಷ್ಟರಲ್ಲಿ ಅನಸೂಯಾಬಾಯಿ ತಮ್ಮ ಅಕ್ಕನ ಜೊತೆ ಮಂತ್ರಾಲಯಕ್ಕೆ ಹೊರಟುಹೋಗಿದ್ದರು. ಚಾವಿ ಮೇಲಿಂದ ಒಣಗಿತ್ತು, ಗುಂಡಿ ಒತ್ತಿದರೆ ಒಮ್ಮೆ ಕೇಳುತ್ತಿತ್ತು, ಒಮ್ಮೆ ಕೇಳುತ್ತಿರಲಿಲ್ಲ. ಒಳಗೆ ಹಿಡಿದ ತುಕ್ಕು ಸೀರೆಯ ತುಂಡಿಗೆ ಸಿಗುವಂಥದ್ದಾಗಿರಲಿಲ್ಲ. ಚಂದ್ರಾಮ ಈ ಸುದ್ದಿಯನ್ನು ಡಾಕ್ಟರರಿಗೆ ಹೇಳಲಿಲ್ಲ. ದಿನಾ ಎರಡೆರಡು ಸಲ ಪೌಡರು ಹಚ್ಚಿಕೊಂಡ.

ಅನಸೂಯಾಬಾಯಿ ತಿರುಗಿ ಬರುವ ದಿನ ವಾಡಿ ಸ್ಟೇಷನ್ನಿಗೆ ಕರೆಯಲು ಹೋದದ್ದು ಪ್ರಮಿತಾ ಮತ್ತು ಚಂದ್ರಾಮ. ಮಧ್ಯಾಹ್ನದ ಬಿಸಿಲು. ಗಾಡಿ ತಡ ಎಂದು ಗೊತ್ತಾಯಿತು. ಪ್ರಮಿತಾ ಪ್ಲಾಟ್‌ಫಾರಂಗೆ ಹೋಗಿ ಕುಳಿತಳು. ಚಂದ್ರಾಮ ಕಾರು ಮುಚ್ಚಿ ಚಹಾ ಕುಡಿಯಲು ಹೋದ. ರೈಲು ಬಂತು. ಜೊತೆಗೆ ಹೋಗಿದ್ದ ಅಕ್ಕ ತಮ್ಮ ಊರಿನಲ್ಲೇ ಇಳಿದಿದ್ದರು; ಅನಸೂಯಾಬಾಯಿ ಒಬ್ಬರೇ, ಮಠದ ಪವಿತ್ರ ಮಣ್ಣಾದ ಮೃತ್ತಿಕೆಯ ಗಂಟು, ಪರಿಮಳ ಪ್ರಸಾದದ ಡಬ್ಬಿ ಹಿಡಿದು ಇಳಿದರು. ಅತ್ತೆ ಸೊಸೆ ಹೊರಗೆ ಬರುವಾಗಲೇ ಕೂಗು ಕೇಳಿಸಿತು. ನಾಯಿಮರಿಯನ್ನು ತುಳಿದಂತೆ, ನಿಲ್ಲದೆ ಕೂಗುವ ಸೈರನ್ನು.

ಕಾರಿನ ಸುತ್ತ ಮಂದಿ ಕೂಡಿದ್ದರು. ಅವಳು ಸಂದಿಯಿಂದ ನೋಡಿದಳು. ಚಂದ್ರಾಮ ಗಾಲಿಯ ಪಕ್ಕ ನೆಲದ ಮೇಲೆ ಕುಳಿತಿದ್ದ. ಅವನ ಕಾಲರು ಹರಿದಿತ್ತು. ಒಬ್ಬ ಪೊಲೀಸಪ್ಪ ಚಾವಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಆದದ್ದು ಇಷ್ಟೇ. ರೈಲು ಬಂದ ಸದ್ದಿಗೆ ಅವನು ಓಡಿಬಂದು ಗುಂಡಿ ಒತ್ತಿದ್ದ. ಕಾರು ಕೇಳಲಿಲ್ಲ. ಬಾಯೇರು ಬಿಸಿಲಲ್ಲಿ ನಿಲ್ಲಬಾರದೆಂದು ಕಬ್ಬಿಣದ ಚಾವಿಯಿಂದ ಬಾಗಿಲು ತೆಗೆದ. ಸೈರನ್ ಹೊಡೆದುಕೊಂಡಿತು. ಆಟೋದವರು ಬಂದು ಸುತ್ತುಗಟ್ಟಿದರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಾವಿ, ಮೊಣಕೈತನಕ ಬಿಳಿ ಪುಡಿ. ಬೆರಳ ಗುರುತು ಬೀಳದಂತೆ ಪೌಡರು ಹಚ್ಚಿಕೊಂಡು ಗಾಡಿ ಎತ್ತುವವನು ಇವನು ಎಂದು ಒಬ್ಬ ಅಂದ. ಉಳಿದವರಿಗೆ ಅದು ನಿಜವೆನಿಸಿತು.

"ಇಂವ ನಿಮ್ಮ ಡ್ರೈವರ್ ಏನ್ರಿ?" ಎಂದು ಪೊಲೀಸಪ್ಪ ಪ್ರಮಿತಾಳನ್ನು ಕೇಳಿದ.

ಹೌದು ಎಂದಳು. ನಮ್ಮವನೇ, ಸೇಡಂನ ಡಾಕ್ಟರರ ಗಾಡಿ ಎಂದಳು.

"ಡ್ರೈವರ್ ಇದ್ದ ಮ್ಯಾಲೆ ಚಾವಿ ಯಾಕ ಇವನ ಮಾತು ಕೇಳವಲ್ದು?"

ಪ್ರಮಿತಾ ಬಾಯಿ ತೆರೆದಳು. ಪಕ್ಕದಲ್ಲಿ ಅತ್ತೆ ನಿಂತಿದ್ದರು. ಸುತ್ತ ಅಷ್ಟು ಮಂದಿ. ಅವಳು ಶಬ್ದ ಹುಡುಕುವಷ್ಟರಲ್ಲಿ ಚಂದ್ರಾಮನೇ ಎದ್ದು ನಿಂತ.

"ತಪ್ಪು ನಂದೇರಿ ಸಾಹೇಬ್ರ," ಅಂದ. "ನನ್ನ ಅಂಗೈಯಾಗ ನೀರು ಒಡೀತದ. ಬ್ಯಾನಿ ಅದು. ಚಾವಿ ನಾನೇ ಹಾಳ ಮಾಡೀನಿ." ಎಂದು ಎರಡೂ ಅಂಗೈಗಳನ್ನು ಮಂದಿಯ ಮುಂದೆ ಬಿಡಿಸಿ ತೋರಿಸಿದ.

ಅನಸೂಯಾಬಾಯಿಯವರಿಗೆ ಕನಿಕರವಾಯಿತು. ಇನ್ನು ಮೇಲೆ ಜೋಪಾನ ಮಾಡುತ್ತಾನೆ, ಬಡವ, ಬಿಟ್ಟುಬಿಡಿ ಎಂದು ಪೊಲೀಸಪ್ಪನಿಗೆ ಹೇಳಿದರು. ಅವನು ಚಾವಿ ಕೊಟ್ಟು ಹೋದ. ಸ್ಟೇಷನ್ ಪಕ್ಕದ ಮೆಕ್ಯಾನಿಕ್ ಒಬ್ಬ ಬಂದು ಸೈರನ್ನಿನ ತಂತಿ ಕಿತ್ತು, ಸ್ಟೀರಿಂಗಿನ ಕೆಳಗೆ ಎರಡು ವೈರು ಕೂಡಿಸಿ ಎಂಜಿನ್ ಚಾಲೂ ಮಾಡಿಕೊಟ್ಟ. ಆ ಹೊತ್ತೆಲ್ಲ ಅವಳು ಮಂದಿಯ ಕಡೆ ಬೆನ್ನು ಮಾಡಿ ನಿಂತಿದ್ದಳು.

ಚಿತ್ತಾಪುರ ದಾಟಿದ ಮೇಲೆ ಚಂದ್ರಾಮ ರಸ್ತೆ ನೋಡುತ್ತಲೇ ಹೇಳಿದ. "ಬಾಯೇರ, ಸಾಹೇಬ್ರಿಗಿ ಇದು ನಾನೇ ಹೇಳ್ತೀನ್ರಿ. ನಾಳಿಂದ ಬರಂಗಿಲ್ಲ ಅಂತನೂ ಹೇಳ್ತೀನಿ. ಅವರ ಬಾಯಿಂದ ಬ್ಯಾಡ ಅನಿಸ್ಕೊಂಡು ಹೋದ್ರ ಭಾಳ ನಾಚಿಕಿ ಆಗ್ತದ. ಮತ್ತೊಂದು ಕಡಿ ಕೆಲಸ ಕೇಳ್ಬೇಕಾದ್ರ, ಈ ಕೈ ತೊಗೊಂಡು ಹ್ಯಾಂಗ ಕೇಳಲಿ ಅಂತ ನೋಡಾಕತ್ತೀನಿ."

ಪ್ರಮಿತಾಳಿಗೆ ಇನ್ನು ಸುಮ್ಮನಿರುವುದು ಆಗಲಿಲ್ಲ. ಅವಳ ದನಿ ಅವಳಿಗೇ ಬೇರೆಯವರದೆನಿಸಿತು.

"ನಿಮ್ಮ ಕೈಗೆ ಏನೂ ಆಗಿಲ್ಲ ಚಂದ್ರಾಮ. ನೀವು ಚಾವಿ ಇಟ್ಟು ಹೋದ ಮ್ಯಾಲೆ ಮನ್ಯಾಗ ಅದನ್ನ ನೀರಾಗ ಅದ್ದತಾರ. ದಿನಾ. ನಾನು ನೋಡೀನಿ. ಭಾಳ ದಿನದಿಂದ ಗೊತ್ತದ ನನಗ."

ಕಾರಿನ ವೇಗ ತಗ್ಗಿತು. ಚಂದ್ರಾಮ ಬಲಗೈಯನ್ನು ಸ್ಟೀರಿಂಗಿನಿಂದ ತೆಗೆದು, ಅಂಗೈ ತಿರುಗಿಸಿ ನೋಡಿದ, ಮತ್ತೆ ಇಟ್ಟ. ಮೊದಲು ಅವನ ಮುಖದಲ್ಲಿ ಬಂದದ್ದು ಸಿಟ್ಟಾಗಿರಲಿಲ್ಲ. ಕನ್ನಡಿಯಲ್ಲಿ ಅವಳಿಗೆ ಕಂಡಿತು, ಅದು ಸಮಾಧಾನ. ಪರೀಕ್ಷೆಯಲ್ಲಿ ಪಾಸಾದೆ ಎಂದು ಕೇಳಿದ ಹುಡುಗನ ಸಮಾಧಾನ. ಅದನ್ನು ನೋಡಿ ಅವಳು ಕಿಟಕಿಯ ಕಡೆ ತಿರುಗಿದಳು. ಬೈದಿದ್ದರೆ ಚಲೋ ಇತ್ತು ಅನಿಸಿತು.

"ಯಾಕ ಅದ್ದತಾರ್ರಿ?" ಎಂದು ಅವನು ಕೇಳಿದ.

ಅನಸೂಯಾಬಾಯಿಯೇ ಉತ್ತರ ಕೊಟ್ಟರು. "ದೇವರಮನಿ ಬಾಜೂಕ ತೂಗೂದು ತಮ್ಮಾ. ಹೊರಗಿಂದೆಲ್ಲಾ ಹಂಗ ನಮ್ಮಲ್ಲೆ. ನಿನ್ನ ಮ್ಯಾಲೆ ಏನಿಲ್ಲ. ಅದು ಕೆಡ್ತದಂತ ನನಗ್ಯಾರು ಬಿಡಿಸಿ ಹೇಳಿದ್ರು?"

"ಸಾಹೇಬ್ರು ತಂದಾಗನೂ ಅದ್ದತೀರೇನ್ರಿ ಅಮ್ಮಾರ?"

ಎದುರಿನಿಂದ ಕಲ್ಲಿನ ಲಾರಿಯೊಂದು ಬಂತು. ಅವನು ದಾರಿ ಬಿಟ್ಟು ಕೊಟ್ಟ. ಅನಸೂಯಾಬಾಯಿ ಮೃತ್ತಿಕೆಯ ಗಂಟನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಅವನು ಮತ್ತೆ ಕೇಳಲಿಲ್ಲ. ಕಾಗಿಣಾ ಹೊಳೆ ದಾಟುವಾಗ ಗಾಜು ಇಳಿಸಿ ಪೌಡರಿನ ಡಬ್ಬಿಯನ್ನು ಹೊರಗೆ ಎಸೆದ. ಅದರ ಹೊರತು ಅವನ ಗಾಡಿ ಹೊಡೆಯುವ ರೀತಿಯಲ್ಲಿ ಏನೂ ಬದಲಾಗಲಿಲ್ಲ. ತಗ್ಗು ಬಂದಲ್ಲಿ ನಿಧಾನ ಮಾಡಿದ, ಹಿಂದೆ ಕುಳಿತವರು ಅಲುಗಲಿಲ್ಲ.

ಮನೆಗೆ ಬಂದಾಗ ರಘೂತ್ತಮ ಗೇಟಿನಲ್ಲಿ ನಿಂತಿದ್ದರು. ವಾಡಿಯ ಸುದ್ದಿ ಅವರಿಗೆ ಫೋನಿನಲ್ಲಿ ಅಷ್ಟಿಷ್ಟು ತಲುಪಿತ್ತು. ಪ್ರಮಿತಾ ಅಲ್ಲೇ, ಎಲ್ಲರ ಮುಂದೆ, ಎಲ್ಲವನ್ನೂ ಹೇಳಿದಳು. ತಾನು ಚಾವಿ ಒರೆಸಿಟ್ಟಿದ್ದನ್ನೂ ಹೇಳಿದಳು. ರಘೂತ್ತಮರ ಮುಖ ಕಪ್ಪಿಟ್ಟಿತು. ಅಮ್ಮನಿಗೆ ವಯಸ್ಸಾಗಿದೆ, ಹಳೆಯ ಕಾಲದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಚಂದ್ರಾಮನ ಹೆಗಲ ಮೇಲೆ ಕೈ ಇಟ್ಟು ಹೇಳಿದರು. ಕೆಲಸ ಬಿಡುವ ಮಾತೇ ಬೇಡ ಎಂದರು. ಆಮೇಲೆ ಅವರಿಗೆ ಒಂದು ಉಪಾಯ ಹೊಳೆಯಿತು. ಕೆಟ್ಟುಹೋದದ್ದನ್ನು ಸರಿಪಡಿಸಿಬಿಟ್ಟೆ ಎಂಬ ಉತ್ಸಾಹದಲ್ಲಿ ಅದನ್ನು ಹೇಳಿಯೂ ಬಿಟ್ಟರು.

"ನಾಳೆನೇ ಹೊರಗ, ಈ ಕಟ್ಟಿ ಮ್ಯಾಲೆ ಗ್ವಾಡಿಗೆ ಒಂದು ಮೊಳೆ ಹೊಡಸ್ತೀನಿ. ಚಾವಿ ಅಲ್ಲೇ ಇರ್ಲಿ. ಒಳಗ ಬರೂದೇ ಬ್ಯಾಡ. ಯಾರಿಗೂ ತ್ರಾಸಿಲ್ಲ."

ಚಂದ್ರಾಮ ಗೋಡೆಯನ್ನು ನೋಡಿದ. ಡಾಕ್ಟರರನ್ನು ನೋಡಿದ.

"ಮೊಳಿ ಬ್ಯಾಡ್ರಿ ಸಾಹೇಬ್ರ," ಅಂದ.

ಅಂದು ಅವನು ಚಾವಿಯನ್ನು ಕಟ್ಟೆಯ ಮೇಲೆ ಇಡಲಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಮುಂದೆ ಚಾಚಿದ. ರಘೂತ್ತಮ ಅದನ್ನು ತೆಗೆದುಕೊಳ್ಳಲು ಒಂದು ಕ್ಷಣ ತಡ ಮಾಡಿದರು. ಇವನು ಬಿಟ್ಟುಕೊಡುತ್ತಿರುವುದು ಕೆಲಸವನ್ನೇ ಎಂದು ತಿಳಿಯಲು ಅವರಿಗೆ ಅಷ್ಟು ಹೊತ್ತು ಬೇಕಾಯಿತು. ತೆಗೆದುಕೊಂಡ ಮೇಲೆ ಚಂದ್ರಾಮ ಎಲ್ಲರಿಗೂ ಕೈಮುಗಿದ, ಅನಸೂಯಾಬಾಯಿಯವರಿಗೂ ಮುಗಿದ, ಸೈಕಲ್ ಹತ್ತಿದ.

ಕೆಲವು ದಿನ ಬಿಟ್ಟು ಪ್ರಮಿತಾ ಶಾಲೆ ಮುಗಿಸಿ ಬಸ್ಸು ಹಿಡಿದು ಕೋಡ್ಲಾಕ್ಕೆ ಹೋದಳು. ಯಾಕೆ ಹೋಗುತ್ತಿದ್ದೇನೆ ಎಂದು ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಕ್ಷಮೆ ಕೇಳಬೇಕು ಅಂದುಕೊಂಡಿದ್ದಳು. ದಾರಿಯುದ್ದಕ್ಕೂ ಸಿಮೆಂಟಿನ ಧೂಳು ಕೂತ ಗಿಡಗಳನ್ನು ನೋಡುತ್ತ ವಾಕ್ಯ ಜೋಡಿಸಿಕೊಂಡಳು. ಚಂದ್ರಾಮ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಲಾಲಮ್ಮ ಚಾಪೆ ಹಾಸಿ, ಕುಂದ್ರಿ ಅಕ್ಕೋರ ಎಂದು ಕೂಡಿಸಿ ಚಹಾಕ್ಕೆ ಇಟ್ಟಳು. ಗೋಡೆಯ ಗೂಟಕ್ಕೆ ಗಂಡನ ಅಂಗಿಗಳು ತೂಗಿದ್ದವು. ಎಲ್ಲದರ ಕಿಸೆಯೊಳಗೆ ಹಳೆಯ ರೇನ್‌ಕೋಟಿನ ತುಂಡು ಹಚ್ಚಿ ಹೊಲಿದಿತ್ತು. ಪ್ರಮಿತಾ ಅದನ್ನೇ ನೋಡುತ್ತಿರುವುದನ್ನು ಲಾಲಮ್ಮ ಕಂಡಳು.

"ನಾನೇ ಹೊಲದೀನ್ರಿ," ಎಂದಳು. "ಚಾವಿ ಒಣ ಇರ್ಲಿ ಅಂತ. ನೀವು ಮಾತಾಡ್ಲಿಕ್ಕ ಬಂದೀರಿ ಅಂತ ಗೊತ್ತದ ನನಗ. ಆದ್ರ ನಾನೂ ಅಂವಗ ಭಾಳ ಅಂದೀನ್ರಿ ಅಕ್ಕೋರ. ಒಂದು ಚಾವಿ ಒಣ ಇಟ್ಕೊಳ್ಳಾಕ ಬರಂಗಿಲ್ಲೇನು, ಎಂಥಾ ಕೈ ನಿಂದು ಅಂತ. ಮಗಳ ಮುಂದ ಅಂದೀನಿ. ಮಗ್ಗಲಿಗಿ ಬಂದ್ರ ಕೈ ಸರಸೀನಿ. ಅದನ್ನ ನಾ ಯಾರ ಮುಂದ ಹೇಳಲಿ?"

ಪ್ರಮಿತಾ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ವಾಕ್ಯ ಅಲ್ಲಿ ಹೇಳುವಂಥದ್ದಾಗಿರಲಿಲ್ಲ. ಹೇಳಿದ್ದರೆ ಅವಳ ಮನಸ್ಸು ಹಗುರಾಗುತ್ತಿತ್ತು, ಅಷ್ಟೇ. ಇಬ್ಬರೂ ಚಹಾ ಕುಡಿದರು. ಸಂಜೆಯ ಬಸ್ಸಿಗೆ ಲಾಲಮ್ಮ ರಸ್ತೆಯವರೆಗೆ ಬಂದು ಹತ್ತಿಸಿ ಹೋದಳು. ಮತ್ತೆ ಬರ್ರಿ ಅಂದಳು. ಪ್ರಮಿತಾ ಮತ್ತೆ ಹೋಗಲಿಲ್ಲ. ಹೋಗುವ ಮುಖ ಅವಳಿಗೆ ಇರಲಿಲ್ಲ.

ಡಾಕ್ಟರರ ಮನೆಗೆ ದಶರಥ ಎಂಬ ಬೇರೆ ಡ್ರೈವರ್ ಬಂದ. ಅವನ ಜಾತಿಯನ್ನು ಅನಸೂಯಾಬಾಯಿ ಕೇಳಲಿಲ್ಲ, ರಘೂತ್ತಮರೇ ಮೊದಲೇ ಕೇಳಿಕೊಂಡು ಬಂದಿದ್ದರು. ಅದು ಗೊತ್ತಾದ ದಿನ ಪ್ರಮಿತಾ ಗಂಡನ ಜೊತೆ ಜಗಳವಾಡಿದಳು. ಜಗಳ ಮುಗಿದ ಮೇಲೆ, ಇದನ್ನು ಒಣ ಚಾವಿ ಕಂಡ ಆ ರವಿವಾರವೇ ಆಡಬೇಕಿತ್ತು ಎಂದು ಅವಳಿಗೆ ಅನಿಸಿತು.

ಚಂದ್ರಾಮನನ್ನು ಅವಳು ಈಗಲೂ ನೋಡುತ್ತಾಳೆ. ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಎದುರಾದರೆ ಅವನೇ ಮೊದಲು ನಮಸ್ಕಾರ ಮಾಡುತ್ತಾನೆ, ಅರಾಮ ಇದ್ದೀರೇನ್ರಿ ಬಾಯೇರ ಎಂದು ಕೇಳುತ್ತಾನೆ. ಅವಳು ಹೂಂ ಎಂದು ಬೇಗ ಒಳಗೆ ಹೋಗುತ್ತಾಳೆ. ಅವನು ಕೋಡ್ಲಾದಿಂದ ಸೇಡಂಗೆ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾನೆ. ಸಂಜೆ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ವ್ಯಾನನ್ನು ತನ್ನ ಮನೆಯ ಮುಂದೆಯೇ ನಿಲ್ಲಿಸಿ, ಚಾವಿಯನ್ನು ಒಳಗಿನ ಗೂಟಕ್ಕೇ ತೂಗುತ್ತಾನೆ.